ಚುಕ್ಕಾಣಿ ಹಿಡಿದವನನ್ನು ನೋಡಿ ಕಲಿತ ಇಂಜಿನಿಯರ್: ನಿಕೊಲಸ್ ಮಿನೋರ್ಸ್ಕಿ



ಇಂಜಿನಿಯರ್ ಒಬ್ಬರ ಜೀವನದ ಬಗ್ಗೆ ಬರೀಬೇಕು ಅಂದ್ರೆ ನಮ್ಮ ಬಳಗದಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರೋದು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ಅದು ಸಹಜವೇ. ಅವರು ಹುಟ್ಟಿದ ಮುದ್ದೇನಹಳ್ಳಿ ಒಂದು ಕಾಲಕ್ಕೆ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತಲ್ಲ! ಆದ್ರೆ ಈ ಸಲ ನಾವು ಬೇರೆ ಒಬ್ಬರನ್ನು ಆರಿಸಿಕೊಂಡಿದ್ದೇವೆ. ಕಂಟ್ರೋಲ್ ಇಂಜಿನಿಯರಿಂಗ್ ಲೋಕದಲ್ಲಿ ಅವರದು ದೊಡ್ಡ ಹೆಸರು. ಅವರು ಮಾಡಿದ ಕೆಲಸವನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೇವೆ. ಆದ್ರೆ ಆ ಕೆಲಸ ಹುಟ್ಟಿದ್ದು ಹಡಗಿನ ಚಕ್ರ ಹಿಡಿದು ನಿಂತ ನಾವಿಕರ ಕೈಚಳಕವನ್ನು ಗಮನಿಸಿ ಅನ್ನೋದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ನಮಗೆ ಈ ವಿಷಯ ತಲೆಗೆ ಹೊಕ್ಕಿದ್ದು ಲಕ್ಕೂರಿನಲ್ಲಿ. ಸಮುದ್ರಕ್ಕೂ ಮಾಲೂರು ತಾಲ್ಲೂಕಿನ ಲಕ್ಕೂರಿಗೂ ಏನು ಸಂಬಂಧ ಅಂತೀರಾ? ಸ್ವಲ್ಪ ತಾಳಿ, ಹೇಳ್ತೀವಿ.

ಹೋದ ಸಂಕ್ರಾಂತಿ ರಜೆಯಲ್ಲಿ ನಮ್ಮ ಕ್ಲಾಸಿನ ಗೆಳೆಯನೊಬ್ಬ ನಮ್ಮನ್ನೆಲ್ಲ ಲಕ್ಕೂರಿನ ತನ್ನ ಮನೆಗೆ ಕರೆದಿದ್ದ. ಮಾಲೂರು ಸೀಮೆ ಅಂದ್ರೆ ಇಟ್ಟಿಗೆ, ಹೆಂಚಿಗೆ ಹೆಸರುವಾಸಿ. ಅವನ ಅಪ್ಪ ಟ್ರ್ಯಾಕ್ಟರ್‌ನಲ್ಲಿ ಇಟ್ಟಿಗೆ ಹೊಡೀತಾರೆ. ಆವತ್ತು ಇಟ್ಟಿಗೆ ಲೋಡು ತುಂಬಿದ ಟ್ರೇಲರನ್ನು ಒಂದು ಸಣ್ಣ ಸಂದಿಯೊಳಗೆ ರಿವರ್ಸ್ ಹಾಕಬೇಕಿತ್ತು. ನಮ್ಮಲ್ಲೊಬ್ಬನಿಗೆ ಹುಮ್ಮಸ್ಸು ಬಂತು, ತಾನೇ ಹಾಕ್ತೀನಿ ಅಂತ ಸೀಟು ಹತ್ತಿದ. ಟ್ರೇಲರ್ ಎಡಕ್ಕೆ ಹೋಗಬೇಕು ಅಂತ ಸ್ಟೀರಿಂಗ್ ತಿರುಗಿಸಿದ, ಅದು ಬಲಕ್ಕೆ ಹೋಯ್ತು. ತಿದ್ದೋಕೆ ಹೋದ, ಅದು ಅಗತ್ಯಕ್ಕಿಂತ ಹೆಚ್ಚು ತಿರುಗಿತು. ಮತ್ತೆ ತಿದ್ದಿದ. ಮೂರನೇ ಸಲಕ್ಕೆ ಟ್ರ್ಯಾಕ್ಟರು, ಟ್ರೇಲರು ಕತ್ತರಿ ಮಡಚಿದ ಹಾಗೆ ಒಂದಕ್ಕೊಂದು ಅಂಟಿಕೊಂಡು ನಿಂತವು. ಮಕ್ಕಳೆಲ್ಲ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಗೆಳೆಯನ ಅಪ್ಪ ಬಂದು ಕೂತರು. ಹೆಗಲ ಮೇಲಿಂದ ಹಿಂದಕ್ಕೆ ನೋಡ್ತಾ ಒಂದೇ ಸಲಕ್ಕೆ ಟ್ರೇಲರನ್ನು ಸಂದಿಯೊಳಗೆ ಸೇರಿಸಿಬಿಟ್ಟರು. ನಾವು ಅವರ ಕೈಯನ್ನೇ ನೋಡ್ತಿದ್ವಿ. ಟ್ರೇಲರ್ ತಿರುಗೋಕೆ ಶುರುವಾದ ಕೂಡಲೇ, ಅದು ಬೇಕಾದ ಕೋನಕ್ಕೆ ಇನ್ನೂ ಬಂದಿರದಿದ್ದರೂ, ಅವರ ಕೈ ಆಗಲೇ ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸ್ತಿತ್ತು. ಅದು ಹೇಗೆ ಗೊತ್ತಾಗತ್ತೆ ಅಂತ ಕೇಳಿದ್ವಿ. ಅವರಿಗೆ ಮಾತಲ್ಲಿ ಹೇಳೋಕೆ ಆಗಲಿಲ್ಲ. ಓದಿದವರು ನೀವು, ನಾನೇನು ಹೇಳಲಿ ಅನ್ನೋ ಹಾಗೆ ನಕ್ಕು, ಇಟ್ಟಿಗೆ ಇಳಿಸೋಕೆ ಹೋದರು.

ಅವರು ಹೇಳಲಾಗದ ಆ ಉತ್ತರವನ್ನು ನೂರು ವರ್ಷದ ಹಿಂದೆಯೇ ಗಣಿತದಲ್ಲಿ ಬರೆದಿಟ್ಟವರು ನಿಕೊಲಸ್ ಮಿನೋರ್ಸ್ಕಿ.

ನೀರಿನಡಿ ಹೋದ ಊರಿನ ಹುಡುಗ

ಮಿನೋರ್ಸ್ಕಿ ಹುಟ್ಟಿದ್ದು 1885ರ ಸೆಪ್ಟೆಂಬರಿನಲ್ಲಿ, ರಷ್ಯಾದ ವೋಲ್ಗಾ ನದಿ ದಂಡೆಯ ಕೊರ್ಚೆವಾ ಎಂಬ ಸಣ್ಣ ಪಟ್ಟಣದಲ್ಲಿ. ಈಗ ನೀವು ಹುಡುಕಿಕೊಂಡು ಹೋದರೆ ಆ ಊರು ಸಿಗೋದಿಲ್ಲ. 1937ರಲ್ಲಿ ವೋಲ್ಗಾ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗಿಹೋಯ್ತು. ಆ ಹೊತ್ತಿಗೆ ಮಿನೋರ್ಸ್ಕಿ ಅಮೆರಿಕಾ ಸೇರಿ ಸುಮಾರು ಇಪ್ಪತ್ತು ವರ್ಷವಾಗಿತ್ತು.

ಅವರು ರಷ್ಯಾದ ಆಗಿನ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೌಕಾ ಶಿಕ್ಷಣ ಪಡೆದು, ಆಮೇಲೆ ಫ್ರಾನ್ಸಿನ ನ್ಯಾನ್ಸಿ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಓದಿದರು. ಮತ್ತೆ ಊರಿಗೆ ಮರಳಿ ಓದು ಮುಂದುವರಿಸಿ, ಮೊದಲ ಮಹಾಯುದ್ಧದ ಹೊತ್ತಿಗೆ ರಷ್ಯಾದ ನೌಕಾಪಡೆಯಲ್ಲಿದ್ದರು. ಅಂದ್ರೆ ಅವರಿಗೆ ಹಡಗೂ ಗೊತ್ತಿತ್ತು, ವಿದ್ಯುತ್ತೂ ಗೊತ್ತಿತ್ತು, ಗಣಿತವೂ ಗೊತ್ತಿತ್ತು. ಈ ಮೂರೂ ಒಬ್ಬರಲ್ಲೇ ಸೇರಿದ್ದೇ ಮುಂದಿನ ಕಥೆಗೆಲ್ಲ ಕಾರಣ.

1917ರಲ್ಲಿ ರಷ್ಯಾದಲ್ಲಿ ಕ್ರಾಂತಿ ಆಯ್ತು. ಮಿನೋರ್ಸ್ಕಿ ಪ್ಯಾರಿಸ್‌ನ ರಷ್ಯಾ ರಾಯಭಾರ ಕಚೇರಿಯಲ್ಲಿ ಕೆಲಸದಲ್ಲಿದ್ದರು. ಅವರನ್ನು ಕಳಿಸಿದ ಸರ್ಕಾರವೇ ಇಲ್ಲದ ಹಾಗಾಯ್ತು. 1918ರಲ್ಲಿ ಅವರು ಅಮೆರಿಕಾಕ್ಕೆ ವಲಸೆ ಹೋದರು. ಆಗ ಅವರಿಗೆ ಮೂವತ್ತೆರಡು ವರ್ಷ. ಅಲ್ಲಿ ಸ್ಕೆನೆಕ್ಟಡಿ ಊರಿನ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಚಾರ್ಲ್ಸ್ ಸ್ಟೈನ್‌ಮೆಟ್ಜ್ ಅವರ ಕೈಕೆಳಗೆ ಕೆಲಸ ಸಿಕ್ಕಿತು. ಎಸಿ ಸರ್ಕ್ಯೂಟುಗಳ ಲೆಕ್ಕವನ್ನು ಕಾಂಪ್ಲೆಕ್ಸ್ ಸಂಖ್ಯೆಗಳಿಂದ ಸುಲಭ ಮಾಡಿಕೊಟ್ಟ ಸ್ಟೈನ್‌ಮೆಟ್ಜ್ ಇವರೇ. ನಮ್ಮ ಇಲೆಕ್ಟ್ರಿಕಲ್ ಬ್ರಾಂಚಿನವರು ಇವರಿಗೆ ದಿನಾ ಕೈಮುಗೀಬೇಕು!

ದೊಡ್ಡ ಹಡಗು ಯಾಕೆ ಮಾತು ಕೇಳೋದಿಲ್ಲ?

ಮಿನೋರ್ಸ್ಕಿ ಕೈಗೆತ್ತಿಕೊಂಡ ಸಮಸ್ಯೆ ಹಡಗನ್ನು ನೆಟ್ಟಗೆ ಒಂದೇ ದಿಕ್ಕಿಗೆ ನಡೆಸೋದು. ಕೇಳೋಕೆ ಸುಲಭ. ನಿಜವಾಗಿ ಅದು ಎಷ್ಟು ಕಷ್ಟ ಅಂತ ಸ್ವಲ್ಪ ನೋಡೋಣ.

ಬೈಕಿನಲ್ಲಿ ಹ್ಯಾಂಡಲ್ ಅಲ್ಲಾಡಿಸಿದರೆ ತಕ್ಷಣ ಗೊತ್ತಾಗತ್ತೆ. ದೊಡ್ಡ ಹಡಗಿನಲ್ಲಿ ಹಾಗಲ್ಲ. ಚುಕ್ಕಾಣಿ ಇರೋದು ಹಡಗಿನ ಹಿಂಭಾಗದಲ್ಲಿ, ನೀರಿನೊಳಗೆ. ಅದನ್ನು ತಿರುಗಿಸಿದ ಕೆಲವು ಕ್ಷಣ ಏನೂ ಆಗದ ಹಾಗೆ ಕಾಣತ್ತೆ. ಹಡಗು ಬಲಕ್ಕೆ ಹೋಗಬೇಕು ಅಂದ್ರೆ ಮೊದಲು ಅದರ ಹಿಂಬದಿ ಎಡಕ್ಕೆ ಸರಿಯುತ್ತೆ, ಮುಂಭಾಗ ನಿಧಾನಕ್ಕೆ ಬಲಕ್ಕೆ ವಾಲುತ್ತೆ, ಇಡೀ ಹಡಗು ಮಾತ್ರ ಇನ್ನೂ ಹಳೇ ದಾರಿಯಲ್ಲೇ ಜಾರ್ತಾ ಇರತ್ತೆ. ಆಮೇಲೆ ತಿರುಗೋಕೆ ಶುರುವಾಯ್ತು ಅಂದ್ರೆ ಅದನ್ನು ನಿಲ್ಲಿಸೋದು ಇನ್ನೊಂದು ತಲೆನೋವು. ಚುಕ್ಕಾಣಿಯನ್ನು ಮಧ್ಯಕ್ಕೆ ತಂದರೂ, ಅಷ್ಟು ಸಾವಿರ ಟನ್ ತೂಕದ ಹಡಗು ತಿರುಗ್ತಾನೇ ಇರತ್ತೆ.

ಇಲ್ಲಿ ನಮ್ಮ ಹಾಗೆ ಹೊಸಬರು ಮಾಡೋ ತಪ್ಪು ಒಂದೇ. ಹಡಗು ಇನ್ನೂ ತಿರುಗಲಿಲ್ಲವಲ್ಲ ಅಂತ ಚಕ್ರವನ್ನು ಇನ್ನಷ್ಟು ತಿರುಗಿಸ್ತಾರೆ. ತಿರುಗಿದ ಮೇಲೆ ಅಯ್ಯೋ ಜಾಸ್ತಿ ಆಯ್ತು ಅಂತ ಎದುರು ದಿಕ್ಕಿಗೆ ಅಷ್ಟೇ ಜೋರಾಗಿ ತಿರುಗಿಸ್ತಾರೆ. ಹಡಗು ಹಾವಿನ ಹಾಗೆ ಅಡ್ಡಾಡ್ತಾ ಹೋಗತ್ತೆ. ದಾರಿ ಉದ್ದ ಆಗತ್ತೆ, ಇಂಧನ ವ್ಯರ್ಥ, ಇಕ್ಕಟ್ಟಿನ ಜಾಗದಲ್ಲಾದರೆ ಅಪಾಯ. ಲಕ್ಕೂರಿನ ಸಂದಿಯಲ್ಲಿ ನಮ್ಮ ಗೆಳೆಯ ಮಾಡಿದ್ದು ಇದನ್ನೇ ಅಲ್ಲವೇ?

ಪಳಗಿದ ಚುಕ್ಕಾಣಿಗ ಹೀಗೆ ಮಾಡೋದಿಲ್ಲ. ಅವನ ತಲೆಯೊಳಗೆ ಆ ಹಡಗಿನದೇ ಒಂದು ಚಿತ್ರ ಇರತ್ತೆ. ಈಗ ನಾನು ಇಷ್ಟು ತಿರುಗಿಸಿದರೆ ಇನ್ನು ಸ್ವಲ್ಪ ಹೊತ್ತಿಗೆ ಹಡಗು ಎಲ್ಲಿರತ್ತೆ, ಎಷ್ಟು ಜೋರಾಗಿ ತಿರುಗ್ತಿರತ್ತೆ ಅಂತ ಅವನಿಗೆ ಮೊದಲೇ ಅಂದಾಜು ಸಿಗತ್ತೆ. ಖಾಲಿ ಹಡಗಿಗೆ ಒಂದು ಅಂದಾಜು, ಸರಕು ತುಂಬಿದ ಹಡಗಿಗೆ ಇನ್ನೊಂದು. ಆಳವಾದ ನೀರಿಗೆ ಒಂದು, ಆಳ ಕಡಿಮೆ ಇರೋ ಕಡೆ ಬೇರೆಯೇ. ಹೊಸ ಹಡಗು ಹತ್ತಿದ ಮೇಲೆ ಸ್ವಲ್ಪ ಕಾಲ ಅದನ್ನು ನಡೆಸಿ ನೋಡಿ ಈ ಚಿತ್ರವನ್ನು ತಿದ್ದಿಕೊಳ್ತಾನೆ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೆ ದೊಡ್ಡ ಹಡಗು ಬಂದಾಗ ಬಂದರಿನ ಪೈಲಟ್ ಹೊರಗೇ ಹೋಗಿ ಹಡಗು ಹತ್ತಿ ಒಳಗೆ ಕರೆತರೋದೂ ಇದಕ್ಕೇ. ಹಡಗಿನ ಗುಣ ಕ್ಯಾಪ್ಟನ್‌ಗೆ ಗೊತ್ತು, ಆ ಜಾಗದ ನೀರಿನ ಗುಣ ಪೈಲಟ್‌ಗೆ ಗೊತ್ತು. ಎರಡೂ ಸೇರಿದರೇ ಹಡಗು ದಡಕ್ಕೆ.

ಕೈಯ ಕೆಲಸಕ್ಕೆ ಸಮೀಕರಣ

ಆ ಕಾಲಕ್ಕೆ ಹಡಗಿಗೆ ಸ್ವಯಂಚಾಲಿತ ಚುಕ್ಕಾಣಿ ಮಾಡೋ ಪ್ರಯತ್ನಗಳು ನಡೀತಿದ್ದವು. ಅಮೆರಿಕಾದ ಎಲ್ಮರ್ ಸ್ಪೆರಿ ಗೈರೊ ದಿಕ್ಸೂಚಿಯ ಆಧಾರದಲ್ಲಿ ಹಡಗನ್ನು ತಾನೇ ನಡೆಸೋ ಯಂತ್ರ ಮಾಡಿದ್ದರು. ನಾವಿಕರು ಅದಕ್ಕೆ ತಮಾಷೆಗೆ ಮೆಟಲ್ ಮೈಕ್ ಅಂತ ಹೆಸರಿಟ್ಟಿದ್ದರು. ಸ್ಪೆರಿಯವರೂ ಚುಕ್ಕಾಣಿಗನನ್ನು ನೋಡಿಯೇ ಅದನ್ನು ರೂಪಿಸಿದವರು. ಆದ್ರೆ ಅವರದು ಅನುಭವದ ದಾರಿ. ಅದು ಯಾಕೆ ಸರಿಯಾಗಿ ಕೆಲಸ ಮಾಡತ್ತೆ, ಯಾವಾಗ ಕೆಡತ್ತೆ ಅನ್ನೋದಕ್ಕೆ ಲೆಕ್ಕ ಇರಲಿಲ್ಲ. ಆ ಲೆಕ್ಕವನ್ನು ಕೊಟ್ಟವರು ಮಿನೋರ್ಸ್ಕಿ.

1922ರಲ್ಲಿ ಅಮೆರಿಕಾದ ನೌಕಾ ಇಂಜಿನಿಯರುಗಳ ಸಂಘದ ಪತ್ರಿಕೆಯಲ್ಲಿ ಅವರ ಲೇಖನ ಬಂತು. ತಾನಾಗಿ ನಡೆಯೋ ಕಾಯಗಳ ದಿಕ್ಕಿನ ಸ್ಥಿರತೆಯ ಬಗ್ಗೆ ಅದು. ಅದರಲ್ಲಿ ಅವರು ಶುರು ಮಾಡಿದ್ದು ಯಂತ್ರದಿಂದಲ್ಲ, ಮನುಷ್ಯನಿಂದ. ಒಳ್ಳೆ ಚುಕ್ಕಾಣಿಗ ಏನು ಮಾಡ್ತಾನೆ ಅಂತ ಬಿಡಿಸಿ ನೋಡಿದರು. ಅವನು ಮಾಡೋದು ಮುಖ್ಯವಾಗಿ ಮೂರು ಕೆಲಸ.

ಒಂದು, ಹಡಗು ಹೋಗಬೇಕಾದ ದಿಕ್ಕಿಗೂ ಈಗಿರೋ ದಿಕ್ಕಿಗೂ ಎಷ್ಟು ವ್ಯತ್ಯಾಸ ಇದೆ ಅಂತ ದಿಕ್ಸೂಚಿಯಲ್ಲಿ ನೋಡ್ತಾನೆ. ಹೆಚ್ಚು ವ್ಯತ್ಯಾಸ ಇದ್ದರೆ ಹೆಚ್ಚು ಚುಕ್ಕಾಣಿ, ಕಡಿಮೆ ಇದ್ದರೆ ಕಡಿಮೆ.

ಎರಡು, ಆ ವ್ಯತ್ಯಾಸ ಎಷ್ಟು ಬೇಗ ಕಡಿಮೆ ಆಗ್ತಿದೆ ಅಂತಲೂ ನೋಡ್ತಾನೆ. ಹಡಗು ಸರಿಯಾದ ದಿಕ್ಕಿಗೆ ಜೋರಾಗಿ ತಿರುಗಿ ಬರ್ತಿದ್ದರೆ, ಅದು ಬಂದು ಮುಟ್ಟೋದಕ್ಕೆ ಮುಂಚೆಯೇ ಚುಕ್ಕಾಣಿಯನ್ನು ಸಡಿಲಿಸ್ತಾನೆ. ಬೇಕಾದರೆ ಎದುರು ದಿಕ್ಕಿಗೂ ಕೊಡ್ತಾನೆ. ನಾವಿಕರ ಭಾಷೆಯಲ್ಲಿ ಈ ಸಡಿಲಿಕೆಗೂ ಎದುರು ತಿರುವಿಗೂ ಬೇರೆ ಬೇರೆ ಆಜ್ಞೆಗಳೇ ಇವೆ. ಕೌಶಲ ಇರೋದೆಲ್ಲ ಇವೆರಡನ್ನೂ ಸರಿಯಾದ ಹೊತ್ತಿಗೆ ಮಾಡೋದರಲ್ಲಿ ಅಂತ ಮಿನೋರ್ಸ್ಕಿ ಗುರುತಿಸಿದರು.

ಮೂರು, ಒಂದೇ ಕಡೆಯಿಂದ ಗಾಳಿ ಬೀಸ್ತಾ ಇದ್ದರೆ ಹಡಗು ದಿನವಿಡೀ ಒಂದೇ ಪಕ್ಕಕ್ಕೆ ಎಳೀತಾ ಇರತ್ತೆ. ಚುಕ್ಕಾಣಿಗ ಇದನ್ನು ಗಮನಿಸಿ, ಗಾಳಿಗೆ ಸಮ ಆಗೋ ಹಾಗೆ ಸ್ವಲ್ಪ ಚುಕ್ಕಾಣಿಯನ್ನು ಕಾಯಂ ಆಗಿ ಒಂದು ಕಡೆಗೆ ಹಿಡಿದಿರ್ತಾನೆ.

ಈಗ ನಮ್ಮ ಕಂಟ್ರೋಲ್ ಸಿಸ್ಟಮ್ಸ್ ನೋಟ್ಸ್ ತೆಗೀರಿ. ಮೊದಲನೇದು ಪ್ರೊಪೋರ್ಷನಲ್, ಎರಡನೇದು ಡೆರಿವೇಟಿವ್, ಮೂರನೇದು ಇಂಟಿಗ್ರಲ್. ಮೂರೂ ಸೇರಿದರೆ ಪಿಐಡಿ ಕಂಟ್ರೋಲರ್! ಫ್ಯಾಕ್ಟರಿಯ ಬಾಯ್ಲರ್‌ನಿಂದ ಹಿಡಿದು ಡ್ರೋನ್‌ವರೆಗೆ ಇವತ್ತು ಎಲ್ಲ ಕಡೆ ಇರೋ ಆ ಮೂರು ಪದಗಳ ಗಣಿತವನ್ನು ಸಿದ್ಧಾಂತವಾಗಿ ಮೊದಲು ಬಿಡಿಸಿ ಬರೆದ ಲೇಖನ ಅದೇ. ನಾವು ಗೇನ್ ಹೆಚ್ಚಾದರೆ ಓವರ್‌ಶೂಟ್ ಆಗತ್ತೆ, ಡೆರಿವೇಟಿವ್ ಸೇರಿಸಿದರೆ ತಗ್ಗತ್ತೆ ಅಂತ ಗ್ರಾಫ್ ಬಿಡಿಸಿ ಬಾಯಿಪಾಠ ಮಾಡಿದ್ವಿ. ಆ ಡೆರಿವೇಟಿವ್ ಅನ್ನೋದು ಒಬ್ಬ ನಾವಿಕ ಮುಂಚಿತವಾಗಿ ಚಕ್ರ ಸಡಿಲಿಸೋ ಕೈ ಅಂತ ನಮಗೆ ಹೊಳೆದದ್ದು ಮಾತ್ರ ಟ್ರ್ಯಾಕ್ಟರ್ ನೋಡಿದ ಮೇಲೆ.

ನ್ಯೂ ಮೆಕ್ಸಿಕೊ ಮೇಲೆ ಪರೀಕ್ಷೆ

ಕಾಗದದ ಮೇಲೆ ಬರೆದದ್ದನ್ನು ನೀರಿನ ಮೇಲೆ ತೋರಿಸಬೇಕಲ್ಲ. ಅಮೆರಿಕಾದ ನೌಕಾಪಡೆ ಅದಕ್ಕೆ ತನ್ನ ಯುದ್ಧನೌಕೆ ನ್ಯೂ ಮೆಕ್ಸಿಕೊವನ್ನೇ ಕೊಟ್ಟಿತು. 1918ರಲ್ಲಿ ಸೇವೆಗೆ ಬಂದ ಆ ಹಡಗಿನ ಉದ್ದ ಸುಮಾರು 190 ಮೀಟರ್, ತೂಕ 32,000 ಟನ್‌. ಹಬೆಯ ಟರ್ಬೈನ್‌ನಿಂದ ವಿದ್ಯುತ್ ಮಾಡಿ, ಆ ವಿದ್ಯುತ್ತಿನಿಂದ ಮೋಟಾರು ತಿರುಗಿಸಿ ಓಡೋ ಹೊಸ ಬಗೆಯ ಹಡಗು ಅದು.

1923ರಲ್ಲಿ ಪರೀಕ್ಷೆ ನಡೆಯಿತು. ಪ್ರೊಪೋರ್ಷನಲ್ ಮತ್ತು ಇಂಟಿಗ್ರಲ್ ಮಾತ್ರ ಇಟ್ಟಾಗ ಹಡಗಿನ ಮೂತಿ ಎರಡೂ ಪಕ್ಕಕ್ಕೆ 2 ಡಿಗ್ರಿಯಷ್ಟು ತೂಗಾಡ್ತಾನೇ ಇತ್ತು. ಡೆರಿವೇಟಿವ್ ಸೇರಿಸಿದ ಮೇಲೆ ಅದು ಒಂದು ಡಿಗ್ರಿಯ ಆರನೇ ಒಂದು ಭಾಗಕ್ಕೆ ಇಳಿಯಿತು. ಇದು ಎಷ್ಟು ಅಂತ ಅಂದಾಜಿಗೆ ಒಂದು ಲೆಕ್ಕ ಹಾಕಿದ್ವಿ. ಒಂದು ನಾಟಿಕಲ್ ಮೈಲಿ, ಅಂದ್ರೆ 1852 ಮೀಟರ್ ದೂರದಲ್ಲಿ ಒಂದು ಗುರಿ ಇಟ್ಟರೆ, 2 ಡಿಗ್ರಿ ತಪ್ಪಿದರೆ ಗುರಿಯಿಂದ ಸುಮಾರು 65 ಮೀಟರ್ ಆಚೆ. ಆರನೇ ಒಂದು ಡಿಗ್ರಿ ತಪ್ಪಿದರೆ ಐದೂವರೆ ಮೀಟರೂ ಇಲ್ಲ. ಹೆಚ್ಚಿನ ಚುಕ್ಕಾಣಿಗರ ಕೈಗೆ ಇಷ್ಟು ನಿಖರತೆ ಸಿಗೋದು ಕಷ್ಟ. ಕಾರಣವೂ ಇದೆ. ಹಡಗು ತೀರಾ ನಿಧಾನಕ್ಕೆ ತಿರುಗೋಕೆ ಶುರುವಾದರೆ ಮನುಷ್ಯನ ಕಣ್ಣಿಗೆ ಗೊತ್ತೇ ಆಗಲ್ಲ. ಗೈರೊಸ್ಕೋಪಿಗೆ ಗೊತ್ತಾಗತ್ತೆ.

ಇಷ್ಟಾದ ಮೇಲೆ ನೌಕಾಪಡೆ ಎಲ್ಲ ಹಡಗಿಗೂ ಇದನ್ನು ಹಾಕಿಸಿರಬೇಕು ಅಂದುಕೊಂಡಿರಾ? ಇಲ್ಲ. ಅದನ್ನು ಒಪ್ಪಿಕೊಳ್ಳಲೇ ಇಲ್ಲ. ಹಡಗಿನ ಸಿಬ್ಬಂದಿಗೆ ಇಷ್ಟವಾಗಲಿಲ್ಲ ಅನ್ನೋದೇ ಮುಖ್ಯ ಕಾರಣ.

ಈ ಜಾಗದಲ್ಲಿ ನಮ್ಮ ಬಳಗದಲ್ಲಿ ಜೋರು ವಾದವೇ ಆಯ್ತು. ಅರ್ಧ ಜನ ನಾವಿಕರು ಹಟಮಾರಿಗಳು, ಹೊಸದನ್ನು ಕಲಿಯೋಕೆ ಒಲ್ಲದವರು ಅಂದರು. ಇನ್ನರ್ಧ ಜನ ಲಕ್ಕೂರಿನ ಗೆಳೆಯನ ಕಡೆ. ಅವನ ವಾದ ಹೀಗಿತ್ತು: ಯುದ್ಧದ ಹೊತ್ತಲ್ಲಿ ಯಂತ್ರ ಕೆಟ್ಟರೆ ಚಕ್ರ ಹಿಡಿಯೋದು ಅದೇ ನಾವಿಕ. ದಿನಾ ಹಿಡಿಯದಿದ್ದರೆ ಅವನ ತಲೆಯೊಳಗಿನ ಆ ಚಿತ್ರ ಮಸುಕಾಗಲ್ಲವೇ? ವರ್ಷಗಟ್ಟಲೆ ಕಲಿತ ಕೆಲಸವನ್ನು ಒಂದು ಪೆಟ್ಟಿಗೆ ತಂದಿಟ್ಟು ಕಸಿದುಕೊಂಡರೆ ಯಾರಿಗೆ ತಾನೇ ಸಂತೋಷ? ಅವನು ಇದನ್ನು ಹೇಳುವಾಗ ಅಪ್ಪನನ್ನು ನೆನೆಸಿಕೊಂಡೇ ಹೇಳ್ತಿದ್ದಾನೆ ಅಂತ ನಮಗೆಲ್ಲ ಅನ್ನಿಸಿತು. ವಾದ ಅಲ್ಲಿಗೆ ನಿಂತಿತು.

ಅವನ ಮಾತಿನಲ್ಲಿ ಹುರುಳಿದೆ. ಇವತ್ತಿಗೂ ಹಡಗಿನಲ್ಲಿ ಆಟೋಪೈಲಟ್ ಇದ್ದರೂ, ಬಂದರಿನ ಹತ್ತಿರ, ಇಕ್ಕಟ್ಟಿನ ಕಾಲುವೆಯಲ್ಲಿ ಮನುಷ್ಯನೇ ಚಕ್ರ ಹಿಡಿಯೋದು ರೂಢಿ. ಇನ್ನೊಂದು ಸ್ವಾರಸ್ಯ ಕೇಳಿ. ಹಡಗಿನ ಆಟೋಪೈಲಟ್‌ನ ಗುಂಡಿಗಳ ಮೇಲೆ ಪಿ, ಐ, ಡಿ ಅಂತ ಸಾಮಾನ್ಯವಾಗಿ ಬರೆದಿರೋದಿಲ್ಲ. ರಡ್ಡರ್, ಕೌಂಟರ್ ರಡ್ಡರ್, ಪರ್ಮನೆಂಟ್ ಹೆಲ್ಮ್ ಅಂತ ಇರತ್ತೆ. ಅಂದ್ರೆ ಚುಕ್ಕಾಣಿ, ಎದುರು ಚುಕ್ಕಾಣಿ, ಕಾಯಂ ಚುಕ್ಕಾಣಿ. ಅವೇ ಮೂರು, ಆದ್ರೆ ನಾವಿಕನ ಮಾತಲ್ಲಿ! ಸಮುದ್ರ ಒರಟಾಗಿದ್ದಾಗ ಸಣ್ಣಪುಟ್ಟ ಅಲೆಗೆಲ್ಲ ಚುಕ್ಕಾಣಿ ಅಲ್ಲಾಡಬೇಡ ಅಂತ ಹೇಳೋಕೆ ಹವಾಮಾನದ ಗುಂಡಿಯೂ ಒಂದಿರತ್ತೆ. ಪಳಗಿದ ಚುಕ್ಕಾಣಿಗನೂ ಅಷ್ಟೇ, ತಾನಾಗಿ ಹೋಗಿ ತಾನಾಗಿ ವಾಪಸ್ ಬರೋ ತೂಗಾಟವನ್ನು ಬೆನ್ನಟ್ಟೋಕೆ ಹೋಗೋದಿಲ್ಲ.

ತಡವಾಗಿ ಬರೋ ಉತ್ತರದ ಹಿಂದೆ

ಯಂತ್ರ ಒಪ್ಪಿಗೆಯಾಗಲಿಲ್ಲ ಅಂತ ಮಿನೋರ್ಸ್ಕಿ ಕೈಕಟ್ಟಿ ಕೂರಲಿಲ್ಲ. 1924ರಿಂದ ಹತ್ತು ವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಪಾಠ ಮಾಡ್ತಾನೇ, ನಲವತ್ತು ದಾಟಿದ ಮೇಲೆ, ಅಲ್ಲೇ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದರು. ಬ್ಯಾಕ್‌ಲಾಗ್ ಇದೆ ಅಂತ ಕೊರಗೋರು ಇದನ್ನು ಗಮನಿಸಿ!

1934ರಲ್ಲಿ ಮತ್ತೆ ನೌಕಾಪಡೆಯ ಕೆಲಸಕ್ಕೆ ಬಂದರು. ಈ ಸಲದ ಸಮಸ್ಯೆ ಹಡಗು ಪಕ್ಕಕ್ಕೆ ಹೊರಳಾಡೋದನ್ನು ತಡೆಯೋದು. ಹಡಗಿನ ಎರಡೂ ಪಕ್ಕದಲ್ಲಿ ನೀರಿನ ತೊಟ್ಟಿ ಇಟ್ಟು, ಹಡಗು ಎಡಕ್ಕೆ ವಾಲಿದಾಗ ಪಂಪಿನಿಂದ ನೀರನ್ನು ಬಲಕ್ಕೆ ಕಳಿಸೋದು ಉಪಾಯ. ಆದ್ರೆ ನೀರು ಈ ಕಡೆಯಿಂದ ಆ ಕಡೆಗೆ ಹೋಗೋಕೆ ಹೊತ್ತು ಬೇಕು. ಅದು ತಲುಪೋ ಹೊತ್ತಿಗೆ ಹಡಗು ಆಗಲೇ ಬಲಕ್ಕೆ ವಾಲ್ತಿದ್ದರೆ? ಸಹಾಯಕ್ಕೆ ಬಂದ ನೀರೇ ಹಡಗನ್ನು ಇನ್ನಷ್ಟು ಹೊರಳಿಸತ್ತೆ.

ತಿದ್ದುಪಡಿ ಸರಿಯಿದ್ದರೂ ತಡವಾದರೆ ಅದೇ ತಪ್ಪಾಗತ್ತೆ ಅನ್ನೋ ಈ ವಿಚಾರ ಮಿನೋರ್ಸ್ಕಿಯವರನ್ನು ಬಿಡಲಿಲ್ಲ. ತಡವಾಗಿ ಕೆಲಸ ಮಾಡೋ ವ್ಯವಸ್ಥೆಗಳಲ್ಲಿ ತೂಗಾಟ ತಾನಾಗೇ ಹೇಗೆ ಹುಟ್ಟಿಕೊಳ್ಳತ್ತೆ ಅನ್ನೋದರ ಬಗ್ಗೆ 1942ರಲ್ಲಿ ಬರೆದರು. ಕೋಲಾರದ ಕಡೆಯವರಿಗೆ ಇದು ಅರ್ಥ ಆಗೋದು ಸುಲಭ. ನಮ್ಮಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಇರೋದು ಕೆರೆ. ಕೆರೆ ತೂಬು ಎತ್ತೋ ನೀರುಗಂಟಿಗೆ ಕೊನೇ ಗದ್ದೆಗೆ ನೀರು ತಲುಪೋಕೆ ಎಷ್ಟು ಹೊತ್ತು ಬೇಕು ಅಂತ ಗೊತ್ತಿರತ್ತೆ. ಗದ್ದೆ ತುಂಬಿದ ಮೇಲೆ ತೂಬು ಮುಚ್ಚೋಕೆ ಹೋದರೆ ಕಾಲುವೆಯಲ್ಲಿರೋ ನೀರೆಲ್ಲ ಬಂದು ಬದು ಒಡೆಯತ್ತೆ. ಅದಕ್ಕೇ ಅವನು ಮೊದಲೇ ಮುಚ್ತಾನೆ. ಅವನ ತಲೆಯಲ್ಲೂ ಒಂದು ಚಿತ್ರ ಇದೆ.

1947ರಲ್ಲಿ ಮಿನೋರ್ಸ್ಕಿಯವರ ನಾನ್‌ಲೀನಿಯರ್ ಮೆಕ್ಯಾನಿಕ್ಸ್ ಪುಸ್ತಕ ಬಂತು. ಅವರು ಬಿಟ್ಟುಬಂದ ದೇಶದ ಗಣಿತಜ್ಞರು ರಷ್ಯನ್ ಭಾಷೆಯಲ್ಲಿ ಮಾಡಿಟ್ಟಿದ್ದ ಕೆಲಸವನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದ್ದು ಆ ಪುಸ್ತಕದ ದೊಡ್ಡ ಉಪಕಾರ. ಸ್ಟ್ಯಾನ್‌ಫರ್ಡ್‌ನಲ್ಲೂ ಕೆಲವು ವರ್ಷ ಇದ್ದರು. 1962ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಇನ್ನೊಂದು ದೊಡ್ಡ ಪುಸ್ತಕ. 1970ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಪಿಐಡಿ ಪ್ರಪಂಚದ ಕಾರ್ಖಾನೆಗಳಲ್ಲೆಲ್ಲ ಹರಡಿತ್ತು.

ನಮಗೆ ಏನು ಸಿಕ್ಕಿತು

ಮಿನೋರ್ಸ್ಕಿಯವರ ಜೀವನ ಓದಿದ ಮೇಲೆ ನಮಗೆ ಹೆಚ್ಚು ಇಷ್ಟವಾಗಿದ್ದು ಅವರ ಗಣಿತಕ್ಕಿಂತ ಅವರು ಶುರು ಮಾಡಿದ ಜಾಗ. ಅವರಿಗೆ ಡಿಗ್ರಿಗಳಿದ್ದವು, ಸ್ಟೈನ್‌ಮೆಟ್ಜ್ ಅವರಂಥ ಮೇಲಧಿಕಾರಿ ಇದ್ದರು. ಆದ್ರೂ ಚಕ್ರ ಹಿಡಿದ ಸಾಮಾನ್ಯ ನಾವಿಕನಿಗೆ ತಮಗೆ ಗೊತ್ತಿಲ್ಲದ್ದು ಏನೋ ಗೊತ್ತಿದೆ ಅಂತ ಅವರು ಒಪ್ಪಿಕೊಂಡರು. ಅವನು ಮಾತಲ್ಲಿ ಹೇಳಲಾರದ್ದನ್ನು ಅವನ ಕೈಯಲ್ಲಿ ಓದಿದರು. ಇತಿಹಾಸದಲ್ಲಿ ಮಿನೋರ್ಸ್ಕಿ ಹೆಸರು ಉಳಿಯಿತು, ಆ ಚುಕ್ಕಾಣಿಗರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ.

ಹೋದ ತಿಂಗಳು ನಾವು ಮತ್ತೆ ಲಕ್ಕೂರಿಗೆ ಹೋಗಿದ್ವಿ. ಈ ಸಲ ಗೆಳೆಯನ ಅಪ್ಪನ ಮುಂದೆ ಒಂದು ಹಾಳೆಯಲ್ಲಿ ಹಡಗು ಬಿಡಿಸಿ, ಪಕ್ಕದಲ್ಲಿ ಟ್ರ್ಯಾಕ್ಟರ್ ಬಿಡಿಸಿ, ಅವರ ಕೈ ಮಾಡೋದನ್ನೇ ಒಬ್ಬರು ಲೆಕ್ಕದಲ್ಲಿ ಬರೆದಿದ್ದಾರೆ, ಅದನ್ನೇ ನಾವು ಕಾಲೇಜಲ್ಲಿ ಓದೋದು ಅಂತ ಹೇಳಿದ್ವಿ. ಅವರು ಹಾಳೆಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಮಗನನ್ನು ಕರೆದು, ಹಾಗಿದ್ರೆ ನಿನಗೂ ರಿವರ್ಸ್ ಹಾಕೋದು ಬರಬೇಕಲ್ಲ ಅಂತ ಟ್ರ್ಯಾಕ್ಟರ್ ಕೀ ಕೈಗೆ ಕೊಟ್ಟರು. ಅವನು ಎರಡು ಸಲ ಕತ್ತರಿ ಮಡಚಿಸಿದ. ಮೂರನೇ ಸಲ ಟ್ರೇಲರ್ ಸಂದಿಯೊಳಗೆ ಹೋಯ್ತು.

ಗೆಳೆಯರೇ, ಮುಂದಿನ ಲ್ಯಾಬ್‌ನಲ್ಲಿ ಪಿಐಡಿ ಟ್ಯೂನ್ ಮಾಡುವಾಗ ಒಂದು ಕ್ಷಣ ಆ ನಾವಿಕರನ್ನು ನೆನೆಸಿಕೊಳ್ಳಿ. ನಿಮ್ಮೂರಲ್ಲೂ ಹೀಗೆ ಕೈಯಲ್ಲೇ ಲೆಕ್ಕ ಇಟ್ಟುಕೊಂಡಿರೋರು ಇದ್ದರೆ, ಅವರು ಕೆಲಸ ಮಾಡೋದನ್ನು ಕೂತು ನೋಡಿ, ನೋಡಿದ್ದನ್ನು ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸ್ತೀವಿ.